ಹದಿನೈದು ಕ್ಲಾಸ್ ಮುಗಿಸಿದರೂ ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು: 56ನೇ ವಯಸ್ಸಿನಲ್ಲಿ ಡಿಎಲ್ ಸಿಗುತ್ತದಾ?

ಪ್ರಶ್ನೆ: ನನಗೆ 56 ವರ್ಷ. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ನಾಗರಭಾವಿಯಲ್ಲಿದ್ದೇನೆ. ಯಜಮಾನರಿಗೆ 61. ಅವರ ಮಂಡಿ ಆಪರೇಷನ್ ಆದಮೇಲೆ ಎಂಟು ತಿಂಗಳಿಂದ ಮನೆಯ ಕಾರು ನಿಂತಲ್ಲೇ ನಿಂತಿದೆ. ನಾನೇ ಕಲಿಯೋಣ ಅಂತ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಡ್ರೈವಿಂಗ್ ಸ್ಕೂಲಿನಲ್ಲಿ ಹದಿನೈದು ಕ್ಲಾಸ್ ಮುಗಿಸಿದೆ. ಕ್ಲಾಸಿನಲ್ಲಿ ಒಂದು ಸಲವೂ ಗಾಡಿ ಆಫ್ ಆಗಿರಲಿಲ್ಲ, 'ಚೆನ್ನಾಗಿ ಓಡಿಸ್ತೀರ ಆಂಟಿ' ಅಂದಿದ್ದರು. ಮಲ್ಲತ್ತಹಳ್ಳಿ ಟ್ರ್ಯಾಕಿನಲ್ಲಿ ಟೆಸ್ಟ್ ದಿನ ಎಂಟು ಹಾಕಿದ್ದಾಯಿತು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಕಾರು ಎರಡು ಸಲ ಆಫ್ ಆಗಿ ಹಿಂದಕ್ಕೆ ಜಾರಿತು. ಫೇಲ್. ಎಲ್‌ಎಲ್‌ಆರ್ ತೆಗೆದುಕೊಂಡು ನಾಲ್ಕು ತಿಂಗಳಾಗುತ್ತ ಬಂತು. ಪುಣೆಯಲ್ಲಿರುವ ಮಗ 'ಈ ವಯಸ್ಸಲ್ಲಿ ಯಾಕಮ್ಮ ರಿಸ್ಕು, ಟ್ಯಾಕ್ಸಿ ಕರಿ' ಅನ್ನುತ್ತಾನೆ. ಪಕ್ಕದ ಮನೆಯವರು ಏಜೆಂಟ್ ಹಿಡಿಯಿರಿ ಅನ್ನುತ್ತಾರೆ. ನಾದಿನಿ ಹಳೇ ಕಾರು ಮಾರಿ ಆಟೋಮ್ಯಾಟಿಕ್ ತಗೊಳ್ಳಿ ಅನ್ನುತ್ತಾಳೆ. ನನಗೇ ಕಲಿಯುವ ಶಕ್ತಿ ಇಲ್ಲವೋ, ಸರಿಯಾಗಿ ಕಲಿಸಿಲ್ಲವೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ: 'ಕ್ಲಾಸಿನಲ್ಲಿ ಒಂದು ಸಲವೂ ಗಾಡಿ ಆಫ್ ಆಗಿರಲಿಲ್ಲ.' ಮೇಡಂ, ಹೊಸದಾಗಿ ಕಲಿಯುವವರ ಕೈಯಲ್ಲಿ ಕಾರು ಆಫ್ ಆಗಲೇಬೇಕು. ಮೊದಲ ಮೂರು ದಿನ ಹತ್ತು ಹದಿನೈದು ಸಲವಾದರೂ ಆಗಬೇಕು. ಆಗಲಿಲ್ಲ ಎಂದರೆ ಕ್ಲಚ್ ತುಳಿಯುತ್ತಿದ್ದವರು ನೀವಲ್ಲ, ಪಕ್ಕದ ಸೀಟಿನಲ್ಲಿ ಕೂತಿದ್ದವರು.

ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಡಬಲ್ ಕಂಟ್ರೋಲ್ ಇರಬೇಕು ಅನ್ನುವುದು ನಿಯಮ. ಕಲಿಸುವವರ ಕಾಲಡಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಅದು ಇರುವುದು ಅಪಾಯ ತಪ್ಪಿಸಲು. ಆದರೆ ಹಿಂದೆ ಹತ್ತು ಗಾಡಿಯವರು ಹಾರನ್ ಹೊಡೆಯುತ್ತಿರುವಾಗ, ಮುಂದಿನ ಕ್ಲಾಸಿನವರು ಮನೆ ಮುಂದೆ ಕಾಯುತ್ತಿರುವಾಗ, ಕಲಿಸುವವರ ಕಾಲು ತನ್ನಷ್ಟಕ್ಕೆ ಕೆಳಗೆ ಹೋಗುತ್ತದೆ. ಬೇಕಂತ ಮೋಸ ಮಾಡುವವರು ಕಡಿಮೆ. ಹೆಚ್ಚಿನವರಿಗೆ ತಾವು ಒತ್ತುತ್ತಿರುವುದೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ನಾನು ಕಾರು ಕಲಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಒಂದು ಸಲ ಮನೆಯ ಮೆಟ್ಟಿಲು ಜಾರಿ ಎಡಪಾದ ಉಳುಕಿತು. ಬ್ರೇಕಿಗೆ ಬಲಗಾಲು ಇದೆಯಲ್ಲ ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೇ ಬೆಳಗಿನ ಕ್ಲಾಸಿಗೆ ಹೋದೆ. ಹನ್ನೆರಡು ಕ್ಲಾಸ್ ಮುಗಿಸಿದ್ದ ಹುಡುಗ, ನನ್ನ ಲೆಕ್ಕದಲ್ಲಿ ಪಳಗಿದವನು. ಗಾಂಧಿ ಬಜಾರ್ ಹತ್ತಿರದ ಸಿಗ್ನಲ್ ಹಸಿರಾಯಿತು, ಗಾಡಿ ಜಗ್ಗಿ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಮೂರನೇ ಸಲಕ್ಕೆ ಸಿಗ್ನಲ್ಲೇ ಕೆಂಪಾಯಿತು. ಅವನು ಬೆವರು ಒರೆಸಿಕೊಂಡು, 'ಮೇಡಂ, ಇವತ್ತು ಗಾಡಿಗೆ ಏನೋ ಆಗಿದೆ' ಅಂದ. ಗಾಡಿಗೆ ಏನೂ ಆಗಿರಲಿಲ್ಲ, ಆಗಿದ್ದು ನನ್ನ ಕಾಲಿಗೆ. ಹನ್ನೆರಡು ದಿನ ಅವನ ಪಾಲಿನ ಕ್ಲಚ್ಚನ್ನು ನಾನೇ ಬಿಟ್ಟಿದ್ದೆ. ಅವತ್ತಿನಿಂದ ನಾನು ಕಲಿಸುವಾಗ ಎಡಗಾಲನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂರುತ್ತೇನೆ.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದು: ನಿಮಗೆ ಸ್ಟೇರಿಂಗ್ ಬಂದಿದೆ. ಎಂಟು ಹಾಕಿದ್ದೀರಿ ಅಂದಮೇಲೆ ಅದರಲ್ಲಿ ಅನುಮಾನವಿಲ್ಲ. ಕ್ಲಚ್ ಮಾತ್ರ ಇನ್ನೂ ಕಲಿತಿಲ್ಲ, ಏಕೆಂದರೆ ಅದನ್ನು ನಿಮ್ಮ ಕಾಲಿಗೆ ಕೊಟ್ಟೇ ಇರಲಿಲ್ಲ. ವಯಸ್ಸಿನ ಪ್ರಶ್ನೆ ಇಲ್ಲಿ ಬರುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಕಾರಿನ ತರಬೇತಿ 21 ದಿನಕ್ಕೆ ಕಡಿಮೆ ಇರಬಾರದು, ಕಲಿಯುವವರು ನಿಜವಾಗಿ ಗಾಡಿ ಓಡಿಸಿದ ಸಮಯ 10 ಗಂಟೆಯಾದರೂ ಆಗಬೇಕು. ಅರ್ಧ ಗಂಟೆಯ ಹದಿನೈದು ಕ್ಲಾಸ್ ಅಂದರೆ ಏಳೂವರೆ ಗಂಟೆ. ಅದರಲ್ಲೂ ನಿಮ್ಮನ್ನು ಹತ್ತಿಸಿಕೊಂಡಾಗ ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂತಿದ್ದರೆ, ಅವರನ್ನು ಮನೆಗೆ ಬಿಡುವ ದಾರಿಯೂ ನಿಮ್ಮ ಕ್ಲಾಸಿಗೇ ಲೆಕ್ಕವಾಗಿರುತ್ತದೆ. ಐದು ಗಂಟೆ ಓಡಿಸಿದವರು ಏರಿನಲ್ಲಿ ಜಾರುವುದು ಆಶ್ಚರ್ಯವೇ ಅಲ್ಲ.

ಈಗ ಮಾಡಬೇಕಾದ ಕೆಲಸ. ಅದೇ ಸ್ಕೂಲಾಗಲಿ ಬೇರೆಯದಾಗಲಿ, ಇನ್ನು ಆರು ಕ್ಲಾಸ್ ಕೇಳಿ. ಮೊದಲೇ ಒಂದು ಮಾತು ಹೇಳಿಬಿಡಿ: 'ನೀವು ಬ್ರೇಕಿನ ಮೇಲೆ ಮಾತ್ರ ಕಾಲಿಡಿ, ಕ್ಲಚ್ ಮುಟ್ಟಬೇಡಿ, ಆಫ್ ಆದರೆ ಆಗಲಿ.' ಒಪ್ಪದವರ ಹತ್ತಿರ ಹೋಗಬೇಡಿ. ಮಧ್ಯೆ ಮಧ್ಯೆ ಅವರ ಎಡ ಮಂಡಿಯ ಕಡೆ ಕಣ್ಣಿಡಿ. ಮಂಡಿ ಅಲುಗಿದರೆ ಕಾಲು ಕೆಲಸ ಮಾಡುತ್ತಿದೆ ಎಂದರ್ಥ. ಆರಲ್ಲಿ ಮೊದಲ ಎರಡು ಕ್ಲಾಸ್ ರಸ್ತೆಗೇ ಹೋಗಬೇಡಿ. ಸಮತಟ್ಟಾದ, ಜನ ಓಡಾಡದ ಜಾಗ ಸಾಕು. ಹೊಸ ಲೇಔಟುಗಳಲ್ಲಿ ಸೈಟು ಮಾಡಿ ಡಾಂಬರು ಹಾಕಿ, ಮನೆಗಳು ಇನ್ನೂ ಏಳದ ರಸ್ತೆಗಳಿರುತ್ತವಲ್ಲ, ಅಂಥದ್ದು.

ಅಲ್ಲಿ ಏನು ಮಾಡಬೇಕು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಿಮ್ಮ ಸಮಸ್ಯೆ ಪೂರ್ತಿ ಇರುವುದು ಇಲ್ಲೇ.

ಕಾರು ನಿಂತಿದ್ದರೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಲೇ ಇರುತ್ತದೆ. ಚಕ್ರ ಮಾತ್ರ ನಿಂತಿರುತ್ತದೆ. ತಿರುಗುವುದನ್ನೂ ನಿಂತದ್ದನ್ನೂ ಒಂದೇ ಏಟಿಗೆ ಜೋಡಿಸಿದರೆ ನಿಂತದ್ದೇ ಗೆಲ್ಲುತ್ತದೆ, ಎಂಜಿನ್ ಉಸಿರು ಕಟ್ಟಿ ಆಫ್ ಆಗುತ್ತದೆ. ಆ ಎರಡನ್ನೂ ಮೆಲ್ಲಗೆ ಒಂದು ಮಾಡುವುದು ಕ್ಲಚ್ ಪ್ಲೇಟು. ಪೆಡಲನ್ನು ಪೂರ್ತಿ ಒತ್ತಿದಾಗ ಪ್ಲೇಟು ದೂರ ಸರಿದಿರುತ್ತದೆ. ಬಿಡುತ್ತ ಬಂದ ಹಾಗೆ ಒಂದು ಹಂತದಲ್ಲಿ ತಾಗಿ, ಉಜ್ಜಿಕೊಳ್ಳುತ್ತ, ಚಕ್ರವನ್ನು ತನ್ನ ಜೊತೆ ಕರೆದುಕೊಳ್ಳಲು ಶುರು ಮಾಡುತ್ತದೆ. ನಾವು ಹಾಫ್ ಕ್ಲಚ್ ಅನ್ನುವುದು ಆ ಜಾಗಕ್ಕೆ. ಪೆಡಲಿನ ಇಡೀ ಓಡಾಟದಲ್ಲಿ ಅದು ಒಂದು ಬೆರಳಿನ ದಪ್ಪದಷ್ಟೇ ಜಾಗ. ಪ್ರತಿ ಕಾರಿನಲ್ಲೂ ಬೇರೆ ಬೇರೆ ಎತ್ತರದಲ್ಲಿರುತ್ತದೆ. ಸ್ಕೂಲಿನ ಕಾರಿನಲ್ಲಿ ಸಿಕ್ಕ ಜಾಗ ನಿಮ್ಮ ಮನೆಯ ಕಾರಿನಲ್ಲಿ ಸಿಗುವುದಿಲ್ಲ, ಅಲ್ಲಿ ಮತ್ತೆ ಹುಡುಕಬೇಕು.

ಹುಡುಕುವ ಬಗೆ: ಸೀಟನ್ನು ಮುಂದೆ ಎಳೆದುಕೊಳ್ಳಿ, ಕ್ಲಚ್ಚನ್ನು ತಳಮುಟ್ಟ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ನಮ್ಮ ಕಡೆಯ ಹೆಂಗಸರು ಹೆಚ್ಚಿನವರು ಸೀಟು ಹಿಂದಿಟ್ಟುಕೊಂಡು ತುದಿಗಾಲಲ್ಲಿ ಕ್ಲಚ್ ಒತ್ತುತ್ತಾರೆ, ಅಲ್ಲಿಗೇ ಅರ್ಧ ಕೆಲಸ ಕೆಟ್ಟಿತು. ಎತ್ತರ ಸಾಲದಿದ್ದರೆ ಗಟ್ಟಿ ದಿಂಬು ಹಾಕಿಕೊಳ್ಳಿ, ನಾಚಿಕೆಯೇನಿಲ್ಲ. ಚಪ್ಪಲಿ ಬೇಡ, ತೆಳು ಅಟ್ಟೆಯ ಶೂ ಹಾಕಿ. ಮೊದಲನೇ ಗೇರಿಗೆ ಹಾಕಿ. ಬಲಗಾಲನ್ನು ಬ್ರೇಕಿನಿಂದ ತೆಗೆದು ಸುಮ್ಮನೆ ಅದರ ಮುಂದೆ ಇಟ್ಟುಕೊಳ್ಳಿ. ಎಕ್ಸಲರೇಟರ್ ಮುಟ್ಟುವುದೇ ಬೇಡ. ಎಡಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಅದನ್ನೇ ತಿರುಗಣಿ ಮಾಡಿಕೊಂಡು ಪಾದವನ್ನು ಮೇಲಕ್ಕೆ ಬಿಡುತ್ತ ಬನ್ನಿ. ಹಾಲು ಉಕ್ಕುವ ಮುಂಚೆ ಪಾತ್ರೆಯ ಸದ್ದು ಬದಲಾಗುತ್ತದಲ್ಲ, ಹಾಗೇ ಎಂಜಿನ್ನಿನ ಸದ್ದು ತುಸು ತಗ್ಗುತ್ತದೆ, ಬಾನೆಟ್ ಒಂದು ಕೂದಲೆಳೆಯಷ್ಟು ಮೇಲೆದ್ದ ಹಾಗೆ ಅನಿಸುತ್ತದೆ. ಅಲ್ಲಿ ನಿಲ್ಲಿಸಿ. ಬಿಡಬೇಡಿ, ಒತ್ತಲೂ ಬೇಡಿ. ಕಾರು ತಾನಾಗಿ ನಡಿಗೆಯ ವೇಗದಲ್ಲಿ ಹೊರಡುತ್ತದೆ. ಎರಡು ಮಾರು ಹೋಗಲಿ, ಕ್ಲಚ್ ಒತ್ತಿ, ಬ್ರೇಕ್ ಒತ್ತಿ, ನಿಲ್ಲಿಸಿ. ಮತ್ತೆ. ಒಂದು ಕ್ಲಾಸಿನಲ್ಲಿ ಇದನ್ನೇ ಐವತ್ತು ಸಲ ಮಾಡಿ. ಬೇಸರ ಬರುತ್ತದೆ, ಕಾಲೂ ನೋಯುತ್ತದೆ. ಸುಮಾರು ಮೂವತ್ತನೇ ಸಲಕ್ಕೆ ನೀವು ಯೋಚಿಸುವುದನ್ನು ನಿಲ್ಲಿಸಿರುತ್ತೀರಿ, ಪಾದಕ್ಕೇ ಆ ಜಾಗ ಗೊತ್ತಾಗಿರುತ್ತದೆ.

ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನಿನಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಬರುವುದನ್ನು ನೋಡಿದ್ದೇನೆ. ಇಪ್ಪತ್ತರ ಹುಡುಗರಿಗೆ ಎರಡು ದಿನ ಹಿಡಿದದ್ದು ಟೈಲರಿಂಗ್ ಗೊತ್ತಿದ್ದ ಐವತ್ತೆಂಟರ ಹೆಂಗಸೊಬ್ಬರಿಗೆ ಅರ್ಧ ಗಂಟೆಯಲ್ಲಿ ಬಂತು.

ಇದಾದ ಮೇಲೆ ಏರು. ಅದಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರು ಸಮತಟ್ಟಾದ ಊರಲ್ಲ. ಒಂದು ಅಡ್ಡರಸ್ತೆ ಏರಿದರೆ ಇನ್ನೊಂದು ಇಳಿಯುತ್ತದೆ, ನಿಮ್ಮ ನಾಗರಭಾವಿಯಲ್ಲೇ ಬೇಕಾದಷ್ಟು ಸಿಗುತ್ತವೆ. ಮೊದಲು ಸಣ್ಣ ಏರು, ಆಮೇಲೆ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪು. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಯಾರೂ ಓಡಾಡುವುದಿಲ್ಲ, ವಾಚ್‌ಮನ್‌ಗೆ ಒಂದು ಮಾತು ಹೇಳಿದರೆ ಸಾಕು. ಏರಿನ ಮಧ್ಯೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಈಗ ಎರಡೂ ಕಾಲು ಬಿಡುವಾದವು, ಕಾರು ಎಲ್ಲೂ ಹೋಗುವುದಿಲ್ಲ. ಮೊದಲನೇ ಗೇರು. ಬಲಗಾಲಿನಿಂದ ಸ್ವಲ್ಪ ರೇಸ್ ಕೊಟ್ಟು ಅದೇ ಸದ್ದನ್ನು ಹಿಡಿದಿಡಿ. ಕ್ಲಚ್ ಮೇಲಕ್ಕೆ ಬರಲಿ, ಸದ್ದು ತಗ್ಗಲಿ, ಬಾನೆಟ್ ಏಳಲಿ. ಅಲ್ಲಿ ನಿಂತು ಮನಸ್ಸಿನಲ್ಲೇ ಒಂದು, ಎರಡು ಅಂತ ಎಣಿಸಿ. ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಕಾರು ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ನಿಂತೇ ಇದ್ದರೆ ನೀವು ಗೆದ್ದಿರಿ. ಇನ್ನೊಂದಿಷ್ಟು ರೇಸ್ ಕೊಟ್ಟರೆ ಹತ್ತುತ್ತದೆ.

ಟೆಸ್ಟಿನಲ್ಲಿ ನಿಮ್ಮದು ಜಾರಿದ್ದು ಹೀಗೆ ಆಗಿರಬೇಕು: ಬ್ರೇಕಿನಿಂದ ಬಲಗಾಲನ್ನು ಸಟ್ಟನೆ ಎಕ್ಸಲರೇಟರಿಗೆ ಒಯ್ದಿರಿ, ಆ ಅರೆ ಕ್ಷಣದಲ್ಲಿ ಗಾಡಿ ಹಿಂದೆ ಸರಿಯಿತು, ಗಾಬರಿಯಾಗಿ ಕ್ಲಚ್ ಪೂರ್ತಿ ಬಿಟ್ಟಿರಿ, ಆಫ್ ಆಯಿತು. ನೂರಕ್ಕೆ ತೊಂಬತ್ತು ಮಂದಿಯದು ಇದೇ ಕಥೆ. ಹ್ಯಾಂಡ್ ಬ್ರೇಕ್ ಬಳಸಿದರೆ ಅವಮಾನ, ಅದು ಬರದವರ ಕೆಲಸ ಅನ್ನುವ ಒಂದು ಮೂಢನಂಬಿಕೆ ನಮ್ಮ ಡ್ರೈವಿಂಗ್ ಸ್ಕೂಲುಗಳಲ್ಲಿದೆ. ನಿಯಮದಲ್ಲಿ ಪರೀಕ್ಷೆಯ ಅಂಶಗಳನ್ನು ಪಟ್ಟಿ ಮಾಡಿರುವ ಕಡೆ ನೋಡಿದರೆ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡಬೇಕು, ಅದಕ್ಕೆ ಹ್ಯಾಂಡ್ ಬ್ರೇಕನ್ನಾಗಲಿ, ಎಕ್ಸಲರೇಟರ್ ಮತ್ತು ಕಾಲಿನ ಬ್ರೇಕನ್ನಾಗಲಿ ಸರಿಯಾಗಿ ಬಳಸಬೇಕು ಎಂದು ಬರೆದೇ ಇದೆ. ಧೈರ್ಯವಾಗಿ ಎಳೆಯಿರಿ. ನಾಳೆ ಸುಮನಹಳ್ಳಿ ಫ್ಲೈಓವರ್ ಏರಿನಲ್ಲಿ ಜಾಮ್ ಆಗಿ, ಹಿಂದೆ ಅರ್ಧ ಅಡಿ ಬಿಟ್ಟು ಆಟೋ ನಿಂತಿರುವಾಗ ನಿಮ್ಮ ಮರ್ಯಾದೆ ಉಳಿಸುವುದೂ ಅದೇ. ಒಂದೇ ಎಚ್ಚರ: ಸಿಗ್ನಲ್ಲಿನಲ್ಲಿ ಎರಡು ನಿಮಿಷ ಹಾಫ್ ಕ್ಲಚ್ಚಿನಲ್ಲೇ ಕಾರು ಹಿಡಿದು ನಿಲ್ಲಬೇಡಿ. ಪ್ಲೇಟು ಸವೆಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಮೆಕ್ಯಾನಿಕ್ ದೊಡ್ಡ ಬಿಲ್ಲು ಕೊಡುತ್ತಾನೆ.

ರಿವರ್ಸ್ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಒಂದು ಮಾತು. 'ಆ ಕಂಬ ಹಿಂದಿನ ಕಿಟಕಿಗೆ ಬಂದಾಗ ಸ್ಟೇರಿಂಗ್ ಒಂದೂವರೆ ಸುತ್ತು' ಅಂತ ಗುರುತು ಹೇಳಿಕೊಟ್ಟಿದ್ದರೆ ಅದು ಆ ಕಾರಿಗೆ, ಆ ಕಂಬಕ್ಕೆ ಮಾತ್ರ. ಎರಡೂ ಸೈಡ್ ಮಿರರ್‌ಗಳನ್ನು ಹಿಂಚಕ್ರ ಕಾಣುವಂತೆ ಸ್ವಲ್ಪ ಕೆಳಗೆ ಬಗ್ಗಿಸಿಕೊಂಡು, ಚಕ್ರಕ್ಕೂ ಅಂಚಿಗೂ ನಡುವಿನ ಜಾಗ ನೋಡುತ್ತ ಇದೇ ಹಾಫ್ ಕ್ಲಚ್ ನಡಿಗೆಯಲ್ಲಿ ಬನ್ನಿ. ಟ್ರ್ಯಾಕಿನ ಸೆನ್ಸರಿಗೆ ನೀವು ಅಂಚು ಮುಟ್ಟಿದಿರಾ ಇಲ್ಲವಾ ಅನ್ನುವುದು ಮುಖ್ಯ.

ಇನ್ನು ಕಾಗದ ಪತ್ರದ ಲೆಕ್ಕ, ನಿಮಗೆ ಇದು ತುರ್ತಿನದು. ಎಲ್‌ಎಲ್‌ಆರ್‌ನ ಆಯುಷ್ಯ 6 ತಿಂಗಳು, ನಿಮಗೆ ಉಳಿದಿರುವುದು ಎರಡು. ಫೇಲಾದವರು 7 ದಿನ ಕಳೆದ ಮೇಲೆ ಮತ್ತೆ ಟೆಸ್ಟ್ ಕೊಡಬಹುದು. ಹಾಗಂತ ಎಂಟನೇ ದಿನಕ್ಕೇ ಸ್ಲಾಟ್ ಹಿಡಿಯಬೇಡಿ. ಮೂರು ಸಲ ಫೇಲಾದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು, ಜೊತೆಗೆ ತಪ್ಪು ತಿದ್ದಿಕೊಳ್ಳುವ ಮರುತರಬೇತಿಯನ್ನೂ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ನಿಮ್ಮ ಎಲ್‌ಎಲ್‌ಆರ್ ತೀರಿರುತ್ತದೆ, ಮತ್ತೆ ಮೊದಲಿಂದ ಅರ್ಜಿ. ಬ್ಯಾಂಕಿನಲ್ಲಿದ್ದವರು ನೀವು, ತಾರೀಖಿನ ಲೆಕ್ಕ ನನಗಿಂತ ಚೆನ್ನಾಗಿ ಮಾಡುತ್ತೀರಿ. ಆರು ಕ್ಲಾಸಿಗೆ ಎರಡು ವಾರ, ಮನೆಯ ಕಾರಿನಲ್ಲಿ ಒಂದು ವಾರ, ನಾಲ್ಕನೇ ವಾರದಲ್ಲಿ ಟೆಸ್ಟ್. ಸ್ಲಾಟು ಬೇಕಾದ ದಿನಕ್ಕೇ ಸಿಗುವುದಿಲ್ಲವಾದ್ದರಿಂದ ಇವತ್ತೇ ಲೈಸೆನ್ಸ್ ಅರ್ಜಿಯ ಸರ್ಕಾರಿ ಜಾಲತಾಣ ಸಾರಥಿ ಪೋರ್ಟಲ್ ತೆರೆದು ನೋಡಿ.

ಏಜೆಂಟ್ ವಿಷಯ. ಕೇಂದ್ರ ನಿಗದಿ ಮಾಡಿರುವ ಶುಲ್ಕದಲ್ಲಿ ಡ್ರೈವಿಂಗ್ ಟೆಸ್ಟಿಗೆ 300 ರೂಪಾಯಿ, ಡಿಎಲ್ ಕೊಡುವುದಕ್ಕೆ 200 ರೂಪಾಯಿ. ಅದರ ಮೇಲೆ ಕಾರ್ಡಿನದು ಬೇರೆ. ಮತ್ತೆ ಟೆಸ್ಟ್ ಕೊಟ್ಟರೆ ಮತ್ತೆ ಆ 300. ಎಲ್ಲವನ್ನೂ ಮನೆಯಲ್ಲೇ ಕೂತು ಕಟ್ಟಬಹುದು. ಏಜೆಂಟರು ಅರ್ಜಿ ತುಂಬಿಕೊಡಬಹುದು, ಕ್ಯೂನಲ್ಲಿ ಎಲ್ಲಿ ನಿಲ್ಲಬೇಕು ಅಂತ ತೋರಿಸಬಹುದು. ಏರಿನಲ್ಲಿ ಕ್ಲಚ್ ಬಿಡುವುದು ನೀವೇ. ಅವರು 'ಎಲ್ಲ ನಾನು ನೋಡಿಕೊಳ್ಳುತ್ತೇನೆ' ಅಂದರೆ ಅದು ಯಾವ ಕೆಲಸ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಮೂವತ್ತು ವರ್ಷ ಇನ್ನೊಬ್ಬರ ದುಡ್ಡಿನ ಲೆಕ್ಕವನ್ನು ಪೈಸೆ ತಪ್ಪದಂತೆ ಇಟ್ಟವರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮನೆಯ ಕಾರಿನಲ್ಲಿ ಅಭ್ಯಾಸ ಅಂದೆ. ಅದಕ್ಕೆ ಮುಂಚೆ ಒಂದು ಕೆಲಸ: ಯಜಮಾನರ ಡಿಎಲ್ ತೆಗೆದು ತಾರೀಖು ನೋಡಿ. ತಮಾಷೆಗೆ ಹೇಳುತ್ತಿಲ್ಲ. ಅವರ ವಯಸ್ಸಿನವರ ಲೈಸೆನ್ಸುಗಳು ಐವತ್ತು ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕಿದ್ದವು, ಎಷ್ಟೋ ಮನೆಗಳಲ್ಲಿ ಅದು ಮರೆತೇ ಹೋಗಿರುತ್ತದೆ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಅವರೂ ನಿಮ್ಮ ಹಾಗೆಯೇ ಟೆಸ್ಟ್ ಕೊಡಬೇಕಾಗುತ್ತದೆ. ಎಲ್‌ಎಲ್‌ಆರ್ ಇರುವವರು ಓಡಿಸುವಾಗ ಪಕ್ಕದಲ್ಲಿ ಚಾಲ್ತಿಯಲ್ಲಿರುವ ಡಿಎಲ್ ಹೊಂದಿದವರು, ಬೇಕಾದಾಗ ಗಾಡಿ ನಿಲ್ಲಿಸಲು ಆಗುವಂತೆ ಕೂತಿರಬೇಕು. ಕಾರಿನ ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು, ಹಲಗೆ 18 ಸೆಂಟಿಮೀಟರ್ ಚೌಕಕ್ಕೆ ಕಡಿಮೆಯಾಗಬಾರದು. ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದು ಗಾಜಿನ ಮೂಲೆಗೆ ಅಂಟಿಸಿದ ಚೀಟಿ ಸಾಲದು. ಇದು ಬರೀ ಪೊಲೀಸರ ಭಯಕ್ಕಲ್ಲ. ಕಾರಿನ ವಿಮೆ ಪತ್ರದಲ್ಲಿ 'ಡ್ರೈವರ್' ಅನ್ನುವ ಕಡೆ ಓದಿ ನೋಡಿ: ಎಲ್‌ಎಲ್‌ಆರ್ ಇರುವವರೂ ಓಡಿಸಬಹುದು, ಆದರೆ ಇದೇ ನಿಯಮ ಪಾಲಿಸಿದ್ದರೆ ಮಾತ್ರ ಅಂತ ಇರುತ್ತದೆ. ಒಬ್ಬರೇ ಹೋಗಿ ಯಾರದಾದರೂ ಬೈಕಿಗೆ ತಾಗಿಸಿದರೆ ವಿಮೆ ಕಂಪನಿ ಮೊದಲು ನೋಡುವುದು ಅದನ್ನೇ.

ಯಜಮಾನರ ಡಿಎಲ್ ಸರಿಯಾಗಿಯೇ ಇದೆ ಅಂದುಕೊಳ್ಳೋಣ. ಆಗಲೂ ಮೊದಲ ಮೂರು ದಿನ ಅವರು ಬೇಡ. ಮೂವತ್ತು ವರ್ಷ ಸದ್ದಿಲ್ಲದೆ ಸಂಸಾರ ಮಾಡಿದವರೂ ಎರಡನೇ ಗೇರಿನ ವಿಷಯಕ್ಕೆ ಜಗಳವಾಡುತ್ತಾರೆ. ಚೆನ್ನಾಗಿ ಓಡಿಸುವವರಿಗೆ ತಮ್ಮ ಕಾಲು ಏನು ಮಾಡುತ್ತಿದೆ ಅನ್ನುವುದೇ ಮರೆತಿರುತ್ತದೆ. 'ಸುಮ್ನೆ ಕ್ಲಚ್ ಬಿಡೇ' ಅನ್ನುತ್ತಾರೆ, ಆ 'ಸುಮ್ನೆ'ಯಲ್ಲೇ ಇಡೀ ವಿದ್ಯೆ ಇದೆ. ಜೊತೆಗೆ ಅವರ ಕಾಲು ಈಗ ಹುಷಾರಾಗಬೇಕಾದ ಕಾಲು, ನೀವು ಜಗ್ಗಿದಾಗಲೆಲ್ಲ ಅವರು ಇಲ್ಲದ ಬ್ರೇಕನ್ನು ತುಳಿಯುತ್ತಾರೆ. ತಾಳ್ಮೆಯ ಅಕ್ಕನ ಮಗನೋ, ಪಕ್ಕದ ಮನೆಯ ಹುಡುಗಿಯೋ ಬಂದು ಕೂರಲಿ. ಗಾಡಿ ನಡಿಗೆಗೆ ಬಂದಮೇಲೆ ಯಜಮಾನರನ್ನು ಹತ್ತಿಸಿಕೊಳ್ಳಿ.

ವಯಸ್ಸಿನ ಬಗ್ಗೆ ಮಗನಿಗೆ ಹೇಳಿ: ಕಾರಿನ ಲೈಸೆನ್ಸಿಗೆ ಕೆಳಗಿನ ಮಿತಿ 18, ಮೇಲಿನ ಮಿತಿ ಅನ್ನುವುದೇ ಕಾಯ್ದೆಯಲ್ಲಿಲ್ಲ. 40 ದಾಟಿದವರು ವೈದ್ಯರ ಪ್ರಮಾಣಪತ್ರ ಕೊಡಬೇಕು, ಅದನ್ನು ಎಲ್‌ಎಲ್‌ಆರ್ ಮಾಡಿಸುವಾಗಲೇ ಕೊಟ್ಟಿರುತ್ತೀರಿ. 55 ದಾಟಿದ ಮೇಲೆ ಸಿಗುವ ಡಿಎಲ್ 5 ವರ್ಷಕ್ಕೆ ಮಾತ್ರ, ಆಮೇಲೆ ನವೀಕರಣ. ಅವನ ಆತಂಕದಲ್ಲಿ ಸತ್ಯವಿರುವುದು ಒಂದೇ ಕಡೆ, ಕಣ್ಣು. ಅರ್ಜಿಯ ಜೊತೆಗಿನ ಸ್ವಯಂ ಘೋಷಣೆಯಲ್ಲಿ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ ಅಂತ ಒಂದು ಪ್ರಶ್ನೆ ಇದೆ. ಎಲ್ಲರೂ ಯೋಚನೆಯಿಲ್ಲದೆ 'ಹೌದು' ಅನ್ನುತ್ತಾರೆ. ನೀವು ಒಂದು ದಿನ ನಿಮ್ಮ ರಸ್ತೆಯಲ್ಲಿ ಮೂವತ್ತೈದು ಹೆಜ್ಜೆ ಅಳೆದು ನಿಜವಾಗಿಯೂ ಓದಿ ನೋಡಿ. ರಾತ್ರಿ ಎದುರಿನ ಗಾಡಿಯ ಹೈ ಬೀಮ್ ಕಣ್ಣಿಗೆ ಚುಚ್ಚಿ, ಬೆಳಕಿನ ಸುತ್ತ ಬಳೆ ಕಟ್ಟಿದಂತೆ ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಪೊರೆ ಇದೆಯಾ ಅಂತ ತೋರಿಸಿಕೊಳ್ಳಿ. ಅಲ್ಲಿಯವರೆಗೆ ರಾತ್ರಿ ಡ್ರೈವಿಂಗ್ ಬೇಡ.

ನಾದಿನಿಯ ಮಾತಿಗೆ ಬರೋಣ. ನಮ್ಮಲ್ಲಿ ಆಟೋಮ್ಯಾಟಿಕ್ ಕಾರಿಗೆ ಬೇರೆ ಲೈಸೆನ್ಸ್ ಇಲ್ಲ, ಎರಡಕ್ಕೂ ಒಂದೇ ಲಘು ವಾಹನದ ಲೈಸೆನ್ಸ್, ಅಂದರೆ ಎಲ್‌ಎಂವಿ. ಬೆಂಗಳೂರಿನ ಟ್ರಾಫಿಕ್ಕಿಗೆ ಆಟೋಮ್ಯಾಟಿಕ್ ವರ ಅನ್ನುವುದನ್ನು ನಾನು ಒಪ್ಪುತ್ತೇನೆ. ಸಿಲ್ಕ್ ಬೋರ್ಡ್ ಒಂದು ಸಲ ದಾಟುವಷ್ಟರಲ್ಲಿ ಎಡಗಾಲು ಎಷ್ಟು ಸಲ ಕ್ಲಚ್ ಒತ್ತುತ್ತದೆ ಅಂತ ಎಣಿಸಹೋಗಿ ಲೆಕ್ಕ ತಪ್ಪಿದ್ದೇನೆ. ನಿಮಗೂ ಮಂಡಿ ನೋವಿದ್ದರೆ ಇವತ್ತೇ ಬದಲಾಯಿಸಿ, ಅದರಲ್ಲಿ ಸೋಲೇನೂ ಇಲ್ಲ. ಆದರೆ ಟೆಸ್ಟಿಗೆ ಹೆದರಿ ಮಾರುವುದು ಬೇಡ. ಒಂದು, ಹೊಸ ಕಾರು ಬರುವಷ್ಟರಲ್ಲಿ ನಿಮ್ಮ ಎಲ್‌ಎಲ್‌ಆರ್ ಮುಗಿದಿರುತ್ತದೆ. ಎರಡು, ಮೊದಲ ಆರು ತಿಂಗಳಲ್ಲಿ ಗೇಟಿಗೋ ಕಂಬಕ್ಕೋ ಒಂದು ಗೀರು ಬಿದ್ದೇ ಬೀಳುತ್ತದೆ, ಅದು ಹಳೇ ಕಾರಿಗೆ ಬೀಳಲಿ. ಮೂರು, ಕಡಿಮೆ ಬೆಲೆಯ ಆಟೋಮ್ಯಾಟಿಕ್‌ಗಳಲ್ಲಿ ಹೆಚ್ಚಿನವು ಎಎಂಟಿ. ಅದರೊಳಗೆ ಇರುವುದೂ ಕ್ಲಚ್ಚೇ, ಒತ್ತುವುದು ಯಂತ್ರ, ಅಷ್ಟೇ ವ್ಯತ್ಯಾಸ. ಏರಿನಲ್ಲಿ ಕ್ಷಣಕಾಲ ತಾನೇ ಬ್ರೇಕ್ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲದಿದ್ದರೆ ಅದೂ ಸ್ವಲ್ಪ ಜಾರುತ್ತದೆ. ಮುಂದೆ ಯಾವಾಗಲಾದರೂ ಆಟೋಮ್ಯಾಟಿಕ್ ಕೊಂಡರೆ ಎಡಗಾಲಿಗೆ ರಜೆ ಕೊಟ್ಟುಬಿಡಿ. ಬ್ರೇಕಿಗೊಂದು ಎಕ್ಸಲರೇಟರಿಗೊಂದು ಅಂತ ಎರಡು ಕಾಲು ಬಳಸಿದವರು ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ತುಳಿದು ಕಾಂಪೌಂಡ್ ಗೋಡೆ ಕೆಡವಿದ್ದನ್ನು ನೋಡಿದ್ದೇನೆ.

ಡಿಎಲ್ ಬಂದ ಮೇಲೆ ಮೊದಲ ತಿಂಗಳು ಭಾನುವಾರ ಬೆಳಗ್ಗೆ ಆರೂವರೆಗೆ ಹೊರಡಿ. ನಾಗರಭಾವಿ ಸರ್ಕಲ್ಲಿನಿಂದ ಚಂದ್ರಾ ಲೇಔಟ್, ಅತ್ತಿಗುಪ್ಪೆ, ವಿಜಯನಗರ, ವಾಪಸ್ಸು. ಎಡಗಡೆ ಸಂದಿಯಲ್ಲಿ ಸ್ಕೂಟರ್ ನುಗ್ಗುತ್ತದೆ ಅಂತ ಮೊದಲೇ ಅಂದುಕೊಂಡು ಎಡಕ್ಕೆ ತಿರುಗುವ ಮುಂಚೆ ಆ ಕನ್ನಡಿ ನೋಡಿ. ನಿಂತಿರುವ ಬಿಎಂಟಿಸಿ ಬಸ್ಸಿನ ಎಡಕ್ಕೆ ಯಾವತ್ತೂ ತೂರಬೇಡಿ, ಜನ ಇಳಿಯುತ್ತಿರುತ್ತಾರೆ. ವೃತ್ತದಲ್ಲಿ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು ಅನ್ನುವುದು 2017ರ ಚಾಲನಾ ನಿಬಂಧನೆಯಲ್ಲಿದೆ. ನೀವು ಪಾಲಿಸಿ, ಎದುರಿನವರು ಪಾಲಿಸುತ್ತಾರೆ ಅಂತ ನಂಬಬೇಡಿ. ರಸ್ತೆ ಮಧ್ಯೆ ಕಾರು ಆಫ್ ಆದರೆ ಹಿಂದಿನವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಹ್ಯಾಂಡ್ ಬ್ರೇಕ್, ನ್ಯೂಟ್ರಲ್, ಸ್ಟಾರ್ಟ್, ಮೊದಲನೇ ಗೇರು. ಅವಸರದಲ್ಲಿ ಇದಕ್ಕೆ ಹಿಡಿಯುವುದು ಎಂಟು ಸೆಕೆಂಡು, ಸಮಾಧಾನದಲ್ಲಿ ಮಾಡಿದರೂ ಹನ್ನೆರಡೇ.

ಕೊನೆಗೆ, ಎಂಟು ತಿಂಗಳು ನಿಂತ ಕಾರನ್ನು ನೇರವಾಗಿ ರಸ್ತೆಗೆ ಇಳಿಸಬೇಡಿ. ಬ್ಯಾಟರಿ ಸತ್ತಿರುತ್ತದೆ, ಟೈರಿನ ಗಾಳಿ ಇಳಿದಿರುತ್ತದೆ, ಬಾನೆಟ್ಟಿನೊಳಗೆ ಇಲಿ ವೈರು ಕಡಿದಿರಬಹುದು. ವಿಮೆ ಮತ್ತು ಹೊಗೆ ತಪಾಸಣೆ ಪತ್ರದ ತಾರೀಖು ನೋಡಿ, ಅದೇ ಕಾರಿನಲ್ಲಿ ಟೆಸ್ಟ್ ಕೊಡುವುದಾದರೆ ಅವೆರಡೂ ಬೇಕು. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ಹ್ಯಾಂಡ್ ಬ್ರೇಕನ್ನು ನಿಮ್ಮ ಕಣ್ಣೆದುರೇ ನೋಡಿಸಿ. ಎಳೆದಿಟ್ಟೇ ತಿಂಗಳುಗಟ್ಟಲೆ ಬಿಟ್ಟಿದ್ದರೆ ಹಿಂಚಕ್ರ ಕಚ್ಚಿಕೊಂಡಿರುತ್ತದೆ, ಕೇಬಲ್ ಸಡಿಲವಾಗಿದ್ದರೆ ಮೇಲಿನ ತನಕ ಎಳೆದರೂ ಹಿಡಿಯುವುದಿಲ್ಲ. ಅವನು 'ಆಯ್ತು ಮೇಡಂ' ಅಂದ ಮೇಲೆ ಅವನ ಕೈಯಲ್ಲೇ ಕಾರನ್ನು ಯಾವುದಾದರೂ ರ‍್ಯಾಂಪಿನ ಮಧ್ಯೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಸಿ, ಎರಡೂ ಕಾಲು ಪೆಡಲಿನಿಂದ ತೆಗೆಸಿ. ಕಾರು ಅಲುಗದಿದ್ದರೆ ಅವನಿಗೆ ದುಡ್ಡು ಕೊಡಿ.